ಮೂವತ್ತಾರು ತಿಂಗಳು

ಅರ್ಜಿ ಕೇಳುವುದು ಇಷ್ಟೇ:
ಕಳೆದ ಮೂವತ್ತಾರು ತಿಂಗಳಲ್ಲಿ
ಯಾರಿಂದ ಏನು ಪಡೆದಿರಿ.

ಬರೆದೆ. ಮಾತ್ರೆ ಕಂಪನಿಯಿಂದ
ಎರಡು ಭಾಷಣಕ್ಕೆ ನಲವತ್ತು ಸಾವಿರ,
ಕಲಂಗುಟ್‌ನಲ್ಲಿ ಮೂರು ರಾತ್ರಿ, ಸಮುದ್ರ ಕಾಣುವ ಕೋಣೆ
(ಕಂಡಿದ್ದು ನಿಜ, ಬಾತ್‌ರೂಮಿನ ಕಿಟಕಿಯಿಂದ),
ಸಲಹಾ ಮಂಡಳಿಯಲ್ಲೊಂದು ಕುರ್ಚಿ.

ಪರ್ಣೀಕರ್ ಸರ್ ಫೋನಿನಲ್ಲಿ ನಕ್ಕರು:
"ಅಷ್ಟೆಲ್ಲ ಯಾಕೆ? ಏನೂ ಇಲ್ಲ ಅಂತ ಹಾಕು,
ಎಲ್ಲರೂ ಹಾಕೋದು ಅದನ್ನೇ."
ಪರೇಲಿನ ಕಿಟಕಿಯಾಚೆ ಕರ್ಜತ್ ಲೋಕಲ್ ಹಾದು
ಉಳಿದ ಮಾತು ಕೇಳಿಸಲಿಲ್ಲ.
ಕೇಳಿಸದ್ದಕ್ಕೂ ಹೂಂ ಅಂದೆ.

ಇನ್ನು, ಮೂವತ್ತಾರರ ಆಚೆಗೆ
ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ
ಅಪ್ಪನ ಪರ್ಮಿಟ್ ರೂಮು. ಒಂಬತ್ತು ಮೇಜು,
ಹಗಲಲ್ಲೂ ಕೆಂಪು ಬಲ್ಬು.
ನನ್ನ ಡಾಕ್ಟರಿಕೆಯ ಪ್ರತಿ ಕಂತೂ
ಹುರಿಗಡಲೆಯ ಎಣ್ಣೆ ಮೆತ್ತಿದ ಹತ್ತರ ನೋಟು;
ಕಾಲೇಜಿನ ಗುಮಾಸ್ತ ಎಣಿಸಿ
ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

ಅದಕ್ಕೊಂದು ಚೌಕವಿಲ್ಲ ಅರ್ಜಿಯಲ್ಲಿ.

ಅಪ್ಪನ ಉದ್ರಿ ಪುಸ್ತಕದಲ್ಲಿ ಎಲ್ಲಕ್ಕೂ ಜಾಗವಿತ್ತು.
ಕುಡಿಯುವವರಿಗೆ ಓದಲು ಬಾರದ ಕನ್ನಡದಲ್ಲಿ:
ಬಣ್ಣದ ಫ್ಯಾಕ್ಟರಿ ಖರಾತ್. ಕ್ವಾರ್ಟರ್ ೨, ಆಮ್ಲೆಟ್ ೧.
ಖರಾತ್. ಕ್ವಾರ್ಟರ್ ೩. ಆಮ್ಲೆಟ್ ಇಲ್ಲ.
ಖರಾತ್. ಹೆಂಡತಿ ಬಂದಿದ್ದಳು. ಕೊಡಬೇಡಿ ಅಂದಳು. ೧ ಕೊಟ್ಟೆ.

ಆ ಕೊನೆಯ ಸಾಲು ಯಾಕೆ ಬರೆದಿಟ್ಟರೋ.
ಯಾರೂ ಕೇಳಿರಲಿಲ್ಲ.

ನನ್ನ ಅಧ್ಯಯನದ ನಲವತ್ತೊಂದನೆಯವರು
ಖರಾತ್ ಅಲ್ಲ, ವಿಚಾರಿಸಿದೆ.
ಅವರು ಕುಡಿದದ್ದು ಮುಲುಂಡಿನಲ್ಲಿ.
ನಡುಗುವ ಹೆಬ್ಬೆಟ್ಟಿಗೆ ಶಾಯಿ ಹಚ್ಚುವಾಗ ಕೇಳಿದರು:
"ಗೋಳಿ ಕುಣಾಚೀ, ತಾಯಿ?"
ಮಾತ್ರೆ ಕಂಪನಿಯದು ಅಂದೆ.
"ನೀವು?"
ಆಸ್ಪತ್ರೆಯವಳು ಅಂದೆ.
ಸುಳ್ಳಲ್ಲ. ಆದರೂ ಆ ರಾತ್ರಿ
ಹಲ್ಲುಜ್ಜುವಾಗ ಮತ್ತೊಮ್ಮೆ ಹೇಳಿ ನೋಡಿದೆ,
ಬಾಯಲ್ಲಿ ನೊರೆ.

"ಇತರೆ" ಎಂಬ ಒಂದೇ ಗೆರೆಯಲ್ಲಿ
ಪರ್ಮಿಟ್ ರೂಮು ತುರುಕಿ ಕಳಿಸಿದೆ.
ಸಂಪಾದಕರು ಸಭ್ಯವಾಗಿ ಬರೆದರು:
ಅವಧಿ ಮೀರಿದ್ದು, ಪ್ರಸ್ತುತವಲ್ಲ, ತೆಗೆದಿದ್ದೇವೆ.
ಭಾಷಣ, ಕುರ್ಚಿ, ಕಲಂಗುಟ್ ಮಾತ್ರ ಅಚ್ಚಾದವು,
ಆಕರಗಳೂ ಮುಗಿದ ಮೇಲೆ, ಇರುವೆಯಂಥ ಅಕ್ಷರದಲ್ಲಿ.

ನನ್ನ ಪ್ರತಿಯ ಅಂಚಿನಲ್ಲಿ
ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ,
ಅಪ್ಪನ ಹಾಗೆ ಒಂಬತ್ತಕ್ಕೆ ಉದ್ದ ಬಾಲ ಎಳೆದು:

ಮೇಜು ೯.
ಬಾಕಿ ಇದೆ.