ಹದಿನೇಳನೇ ಗುಂಡಿ

ಭೋಸರಿಯ ಈ ಶೆಡ್ಡಿನಲ್ಲಿ
ಲೋಹಕ್ಕೆ ಉಸಿರಾಡಲು ಕಲಿಸುತ್ತೇವೆ ನಾವು.
ಹಾಗಂತ ಅವ್ವನಿಗೆ ಫೋನಿನಲ್ಲಿ ಹೇಳಿದೆ.
"ಅದಕ್ಕ ಪಗಾರ ಕೊಡ್ತಾರೇನು?" ಅಂದಳು.

ನೀರು ಹರಿಸಿ ತಣ್ಣಗಿಟ್ಟ ತಾಮ್ರದ ಕುಳಿಯಲ್ಲಿ
ಲ್ಯಾಂಥನಮ್ಮಿನ ಒಂದು ಪಾಲು, ನಿಕಲ್ಲಿನ ಐದು.
ಇಸ್ಮಾಯಿಲ್ ಅತ್ತಾರ ಕಪ್ಪು ಗಾಜಿನ ಹಿಂದೆ ನಿಂತು
ಕಡ್ಡಿಯ ತುದಿಗೆ ಮಿಂಚು ಇಳಿಸುತ್ತಾನೆ.
ಆರ್ಗಾನಿನೊಳಗೆ ಕರಗಿ, ನಡುಗಿ, ದುಂಡಗಾಗಿ
ಅಂಗಿಯ ಗುಂಡಿಯಷ್ಟೇ ಒಂದು ಗುಂಡಿ.
ಮಗುಚಿ ಮತ್ತೆ ಕರಗಿಸು, ಮತ್ತೆ ಮಗುಚು,
ನಾಲ್ಕು ಸಲ. ರೊಟ್ಟಿಗೂ ಇಷ್ಟು ಉಪಚಾರವಿಲ್ಲ.

ಆಮೇಲೆ ಜಲಜನಕ ಬರುತ್ತದೆ.
ಬರುತ್ತದೆ ಅಂದರೆ ಚಾಳಿಗೆ ನೆಂಟರು ಬಂದಹಾಗೆ:
ಕಣಕಣದ ನಡುವಿನ ಸಂದಿಯಲ್ಲಿ
ಚಾಪೆ ಬಿಡಿಸಿ ಮಲಗುತ್ತದೆ.
ಗೋಡೆ ಉಬ್ಬುತ್ತದೆ, ನೂರಕ್ಕೆ ಇಪ್ಪತ್ತು, ಇಪ್ಪತ್ತೈದು.
ಕರೆಂಟು ಕೇಳಿದೊಡನೆ ಎದ್ದು ಹೊರಡುತ್ತದೆ,
ಗೋಡೆ ಕುಗ್ಗುತ್ತದೆ.
ದಿನಕ್ಕೆ ಆರು ಬಾರಿ ಹೀಗೆ ಬಂದು ಹೋದರೆ
ಯಾವ ಮನೆ ತಡೆದೀತು?
ನಮ್ಮ ಮೊದಲನೇ ಗುಂಡಿ ವಾರ ತುಂಬುವಷ್ಟರಲ್ಲಿ
ಬೆರಳಿಗೆ ಹತ್ತುವ ಕಾಡಿಗೆ.

ಅದಕ್ಕೇ ಬೆರಕೆ.
ಚಾಂದೋರ್ಕರ್ ಬಾಯಿ ಅದನ್ನು ಚಿಟಿಕೆ ಅನ್ನುತ್ತಾರೆ,
ಸಾರಿಗೆ ಇಂಗು ಹಾಕುವವರ ಹಾಗೆ,
ಆ ಚಿಟಿಕೆಯನ್ನು ದಶಾಂಶದ ನಾಲ್ಕನೇ ಮನೆಯ ತನಕ
ಉಸಿರು ಬಿಗಿಹಿಡಿದು ತೂಗಿಸುತ್ತಾರೆ.

ಮ್ಯಾಂಗನೀಸ್ ಸೇರಿದರೆ ಕೋಣೆ ತುಸು ಅಗಲ,
ಒಳಬರಲು ಅಷ್ಟು ನೂಕುನುಗ್ಗಲು ಬೇಡ.
ಆದರೆ ಅದರ ಕಾಲು ಒಂದು ಕಡೆ ನಿಲ್ಲದು,
ಕ್ಷಾರದ ನೀರಿಗೆ ತಾನೇ ಮೆಲ್ಲಗೆ ಜಾರಿಕೊಳ್ಳುತ್ತದೆ.
ಅಲ್ಯೂಮಿನಿಯಂ ತೆಳ್ಳನೆ ಹೊದಿಕೆ ಹೊದ್ದು
ಸವೆತವನ್ನು ಬಾಗಿಲಲ್ಲೇ ತಡೆಯುತ್ತದೆ;
ಹೆಚ್ಚಾದರೆ ನೆಂಟರನ್ನೂ.
ಇನ್ನು ಕೋಬಾಲ್ಟ್.
ಅದು ಬಂದರೆ ಒಳಗೆ ಹಿಡಿಸುವುದು ಒಂದಿಷ್ಟು ಕಡಿಮೆಯೇ,
ಆದರೂ ಗೋಡೆಗೆ ಬಿರಿಯದೆ ಬಾಗುವುದನ್ನು ಕಲಿಸುತ್ತದೆ.
ಕಲಿಸಿದ್ದಕ್ಕೆ ಫೀಸು ಜಾಸ್ತಿ.
ಬಿಲ್ಲು ನೋಡಿದ ಅಕೌಂಟ್ಸಿನ ಪೇಂಡ್ಸೆ
ಮೂರು ದಿನ ನಮ್ಮ ಕಡೆಗೆ ಚಹಾ ಕಳಿಸಲಿಲ್ಲ.

ಹದಿನೇಳನೆಯದರಲ್ಲಿ ಕೋಬಾಲ್ಟ್ ಇಲ್ಲ.
ಅದರ ಜಾಗದಲ್ಲಿ ಕಬ್ಬಿಣ,
ಮೋಶಿ ರಸ್ತೆಯ ಗುಜರಿಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿರುವ
ಅದೇ ಕುಲದ ಕಬ್ಬಿಣ.
ಮೊದಲೆರಡು ದಿನ ಸೋಮಾರಿ. ಆಮೇಲೆ ಇನ್ನೂರ ಎಪ್ಪತ್ತೊಂದು.
ನೂರನೇ ಸುತ್ತಿಗೆ ಇನ್ನೂರ ಅರವತ್ತಾರು.
ನೂರೈವತ್ತಕ್ಕೆ ಇನ್ನೂರ ಅರವತ್ತೆರಡು.
ಬಾಯಿ ಏನೂ ಅನ್ನಲಿಲ್ಲ, ಪೆನ್ಸಿಲ್ ಕಡಿದರು.

ಜುಲೈ, ರಾತ್ರಿ ಹನ್ನೊಂದು. ಇನ್ನೂರ ಹನ್ನೆರಡನೇ ಸುತ್ತು.
ಎಂಐಡಿಸಿಯ ಕರೆಂಟು ಹೋಯಿತು.
ಯುಪಿಎಸ್ ಐದು ನಿಮಿಷ ಕಿರುಚಿ ಸುಮ್ಮನಾಯಿತು.
ಬ್ಯಾಟರಿ ಮಾಡುವವರು ಕತ್ತಲಲ್ಲಿ ನಿಂತೆವು,
ನಗು ಬಂತು, ಯಾರೂ ನಗಲಿಲ್ಲ.

ಡ್ರಾಯರು ಸರಿದ ಸದ್ದು. ಇಸ್ಮಾಯಿಲ್
ಒಂಬತ್ತು ಮತ್ತು ಹನ್ನೊಂದನ್ನು ತಡಕಿ ತೆಗೆದ.
ಎರಡನ್ನೂ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ
'ತೀರಿದವು' ಅಂತ ನಾನೇ ಬರೆದಿದ್ದೆ.
ಅವನು ಯಾಕೋ ಚಾರ್ಜು ಮಾಡಿಟ್ಟಿದ್ದ.
ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ
ಜೋಳದ ಕಾಳಿನಷ್ಟು ಕೆಂಪು ದೀಪ ಸಿಕ್ಕಿಸಿದ.
ಹತ್ತಿತು.

ಆ ಬೆಳಕಿನಲ್ಲಿ ಕೊನೆಯ ಅಂಕಿ ಓದಿ ಬರೆದುಕೊಂಡೆ:
ಇನ್ನೂರ ಐವತ್ತಾರು.
ಬಾಯಿ ಹಿಂದಿನ ಪುಟಗಳನ್ನು ತಿರುವಿದರು.
"ಅರ್ಧಕ್ಕಿಳಿದರೆ ಸತ್ತಿತು ಅನ್ನುವುದು
ನಮ್ಮ ನಿಯಮ ಕಣೆ ಕಸ್ತೂರಿ, ಅದರದಲ್ಲ."
ಅಂದರೇ ಹೊರತು ಅಳಿಸಲು ಹೇಳಲಿಲ್ಲ.
ಶಾಯಿ. ಅಳಿಸಿದರೂ ಹೋಗುತ್ತಿರಲಿಲ್ಲ.

ಬೆಳಗ್ಗೆ ಪೇಂಡ್ಸೆ ಬಾಗಿಲಲ್ಲಿ ಕೊಡೆ ಕೊಡವುತ್ತ
"ನಿಮ್ಮ ಅಗ್ಗದ್ದು ಬದುಕಿದೆಯೋ?" ಅಂದ.
ಎಣಿಸಬೇಕು, ಅಂದೆ.
ಕರೆಂಟು ಈಗಷ್ಟೇ ಬಂದಿದೆ.