ಚಳಿಗೆ ಬಿಟ್ಟ ಜಾಗ

ಮೊಳೆ ಹಿಡಿಯುವುದಿಲ್ಲ ನಮ್ಮ ಗೋಡೆ.
ಕಬ್ಬಿಣ. ಭೂಮಿ ನಡುಗಿದ ವರುಷ
ರೈಲಿನಲ್ಲಿ ಬಂದಿಳಿದ ಡಬ್ಬಗಳು ಇವು,
ಎರಡೇ ವರ್ಷದ ಮಟ್ಟಿಗೆ, ಅಂದಿದ್ದರಂತೆ.
ಗ್ಯುಮ್ರಿಯಲ್ಲಿ ಇವಕ್ಕೆ ಡೋಮಿಕ್ ಅನ್ನುತ್ತೇವೆ,
ಅಂದರೆ ಪುಟ್ಟ ಮನೆ. ಮುದ್ದಿನ ಹೆಸರು.
ತುಕ್ಕನ್ನು ಮುದ್ದು ಮಾಡಿದರೆ ಯಾರಿಗೇನು ನಷ್ಟ?

ಹಾಯ್ಕಾನುಶ್ ಅಜ್ಜಿ ಮೊಳೆಯ ಗೊಡವೆಗೇ ಹೋಗಲಿಲ್ಲ.
ಕೆಟ್ಟ ಸ್ಪೀಕರಿನ ಹೊಟ್ಟೆ ಬಗೆದು ಅಯಸ್ಕಾಂತ ತೆಗೆದಳು,
ಸುಟ್ಟುಹೋದ ವಾಷಿಂಗ್ ಮೆಷಿನ್ನಿನ ಮೋಟಾರಿನಿಂದ
ತಾಮ್ರದ ತಂತಿ,
ಜಡೆ ಬಿಚ್ಚುವವಳ ಹಾಗೆ, ಎಳೆ ಎಳೆಯಾಗಿ.

ಸೀಸೆ ಮಾತ್ರ ಬೀದಿಯವರದು.
ಹೆಬ್ಬೆರಳುದ್ದದವು.
ಅಯೋಡಿನ್, ಕಣ್ಣಿಗೆ ಬಿಡುವ ಹನಿ, ವೆನಿಲ್ಲಾ ಎಸೆನ್ಸ್,
ಯಾರದೋ ಮದುವೆಯ ಅತ್ತರು.
ಬಿಸಿನೀರಿಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ
ಬೆಳಿಗ್ಗೆ ಉಗುರಲ್ಲಿ ಲೇಬಲ್ಲು ಸುಲಿಯುತ್ತಾಳೆ.
ಬಿಡದ ಅಂಟಿಗೆ ಸೂರ್ಯಕಾಂತಿ ಎಣ್ಣೆ, ಚಿಟಿಕೆ ಬೂದಿ.
ಗಾಯಕ್ಕೆ ಹಚ್ಚುವ ಹಸಿರು ಔಷಧದ ಕಲೆ
ಯಾವುದಕ್ಕೂ ಬಗ್ಗದು.
ಇರಲಿ ಬಿಡು, ಅನ್ನುತ್ತಾಳೆ,
ಅದಕ್ಕೆ ಎಲೆ ಬೇಡ, ಹೂವೊಂದೇ ಸಾಕು.

ಕೊರಳಿಗೆ ಎರಡು ಸುತ್ತು, ಒಂದು ಗಂಟು,
ಮೇಲಕ್ಕೊಂದು ಕೊಂಡಿ.
ಬಿಗಿದರೆ ಸೀಳುತ್ತದೆ, ಸಡಿಲಬಿಟ್ಟರೆ ಜಾರುತ್ತದೆ.
ನಾನು ಕಟ್ಟಿದ ಮೊದಲ ಮೂರೂ ನೆಲಕ್ಕೆ.
"ಕೋಳಿ ಕತ್ತಲ್ಲ ಕಣೇ ಅದು," ಅಂದಳು.

ಕೂತು ಕೂತು ಹೊಳೆಯಿತು ನನಗೆ,
ಬೀದಿಯ ಒಳಗುಟ್ಟೆಲ್ಲ ಇವಳ ಬೋಗುಣಿಯಲ್ಲಿದೆ.
ಬೂಟು ಹೊಲಿಯುವ ಮೆರುಜಾನ್
ವಾರಕ್ಕೆರಡು ತರುತ್ತಾನೆ, ಎದೆಗೆ ಕುಡಿಯುವ ಹನಿಯವು;
ಹೋದ ವರ್ಷ ವಾರಕ್ಕೊಂದಿತ್ತು.
ಮೂಲೆಮನೆಯ ಅರುಸ್ಯಾಕ್ ತರುವುದು ಬರೀ ವೆನಿಲ್ಲಾ.
ಗಂಡನ ಜೊತೆ ಜಗಳವಾದ ದಿನವೆಲ್ಲ ಕೇಕು ಬೇಯಿಸುತ್ತಾಳೆ,
ಮಾರ್ಚಿ ಒಂದರಲ್ಲೇ ಒಂಬತ್ತು ಸೀಸೆ.
ಅಜ್ಜಿ ಎಣಿಸುತ್ತಾಳೆ, ತೊಳೆಯುತ್ತಾಳೆ,
ತುಟಿ ಪಿಟಕ್ಕೆನ್ನುವುದಿಲ್ಲ.

ಪಟ್ಟಿ ಬರೆಯಲು ಒಬ್ಬ ಬಂದ, ನಗರಸಭೆಯಿಂದ.
ಛಾವಣಿ: ಸೋರುತ್ತದೆ. ಗೋಡೆ: ತುಕ್ಕು. ಜನ: ಒಬ್ಬರು.
ಬರೆಯುತ್ತ ಬರೆಯುತ್ತ ತಲೆಯೆತ್ತಿದ.
ತುಕ್ಕಿನ ಮೇಲೆ ನಲವತ್ತು ಸೀಸೆ,
ಒಂದೊಂದರ ನೀರಿನಲ್ಲೂ
ತಲೆಕೆಳಗಾದ ಒಂದು ಪುಟಾಣಿ ಕಿಟಕಿ.
"ಎಷ್ಟಕ್ಕೆ ಕೊಡುತ್ತೀರಿ?"
"ಖಾಲಿಯದೊಂದು ತಾ, ಹೂವಿನದೊಂದು ಒಯ್ಯಿ."
ಮರುವಾರ ಬಂದ, ಪಟ್ಟಿ ಬಿಟ್ಟು,
ಜೇಬಲ್ಲಿ ಹೆಂಡತಿಯ ಉಗುರುಬಣ್ಣದ ಸೀಸೆ.
ಅಜ್ಜಿಯ ಹೆಸರು ಪಟ್ಟಿಯಲ್ಲಿ ಮೇಲೇರಿತೇ? ಎಲ್ಲಿಯ ಮಾತು.
ಅವನ ಕಾರಿನ ಕನ್ನಡಿಯ ಕೆಳಗೆ
ಒಂದು ನೀಲಿ ಹೂ ತೂಗುತ್ತಿದೆ, ಅಷ್ಟೆ.

ನನ್ನದೂ ಒಂದು ಸೀಸೆಯಿತ್ತು.
ನಿದ್ದೆಯದು. ಕಂದು ಗಾಜು.
ಮುಗಿದಾಗಲೆಲ್ಲ ಕಾಗದದಲ್ಲಿ ಸುತ್ತಿ
ಒಲೆಯ ಬೂದಿ ಬಕೆಟ್ಟಿನ ತಳಕ್ಕೆ ತುರುಕುತ್ತಿದ್ದೆ.
ಆ ಬೂದಿಯನ್ನು ಅಂಟು ತೆಗೆಯಲು
ಒಯ್ಯುವವಳು ಯಾರೆಂದು ಮರೆತೇಬಿಟ್ಟಿದ್ದೆ.

ಒಂದು ಬೆಳಿಗ್ಗೆ ನನ್ನ ಬಾಗಿಲ ಚಿಲಕದಲ್ಲಿ
ತಾಮ್ರದ ಕೊಂಡಿ, ಕಂದು ಸೀಸೆ,
ರೈಲುಹಳಿ ಬದಿಯ ಕ್ಯಾಮಮೈಲ್, ಈ ಋತುವಿನ ಕಡೆಯದು.
ನಾನು ಕೇಳಲಿಲ್ಲ. ಅವಳೂ ಆಡಲಿಲ್ಲ.
ಸಂಜೆ ನೀರು ಬದಲಿಸಿ ಕಂಠದವರೆಗೆ ತುಂಬಹೋದೆ,
ಬೇಲಿಯಾಚೆಯಿಂದ ಕೂಗಿದಳು:
"ಅರ್ಧ ಹುಯ್ಯೇ ಹುಡುಗಿ, ಅರ್ಧ!
ಇವತ್ತು ರಾತ್ರಿ ಹೆಪ್ಪುಗಟ್ಟುತ್ತೆ,
ಚಳಿ ಉಬ್ಬೋಕೆ ಜಾಗ ಬೇಡವಾ?"

ನಡುರಾತ್ರಿ ಎದ್ದು ಹೋಗಿ ನೋಡಿದೆ,
ಹೇಗೂ ಎಚ್ಚರವೇ ಇದ್ದೆ.
ನೀರು ಕಲ್ಲಾಗಿತ್ತು, ಹೂವಿನ ಕಾಲು ಅದರೊಳಗೆ,
ಗಾಜು ಮಾತ್ರ ಇದ್ದ ಹಾಗೇ.
ಒಳಗೆ ತಂದು ಒಲೆಗೆ ಮೂರು ಮಾರು ದೂರ ತೂಗುಹಾಕಿ
ಮೊದಲ ಹನಿ ಯಾವಾಗ ಬಿಡುತ್ತದೋ ನೋಡೋಣವೆಂದು
ಕಂಬಳಿ ಹೊದ್ದು ಕೂತವಳಿಗೆ
ಎಷ್ಟು ಹೊತ್ತಿಗೆ ಕಣ್ಣು ಹತ್ತಿತೋ.