ಮಿಕ್ಕಿದ ದಿನ

ಹನುಮಂತನಗರದ ಐವತ್ತಡಿ ರಸ್ತೆ.
ನನ್ನ ಮೆಡಿಕಲ್ ಸ್ಟೋರಿನ ಮೆಟ್ಟಿಲ ಬದಿಗೆ
ಗೋಣಿತಾಟು ಹಾಸಿ ಪಿಳ್ಳಕ್ಕ
ಆರು ಗಂಟೆಯಿಂದ ಕೂಗುತ್ತಾಳೆ:
ಹೊನಗೊನ್ನೆ, ಕಣ್ಣಿಗೊಳ್ಳೇದು, ಹೊನಗೊನ್ನೆ!

ಗಾಜಿನ ಹಿಂದೆ ನಾನು ಮಾರುವುದೂ ಅದನ್ನೇ, ಕೂಗದೆ:
ಲ್ಯೂಟಿನ್, ಸತು, ಮೀನೆಣ್ಣೆ.
ಚೆಂಡುಹೂವಿನ ಹಳದಿ ಹಿಂಡಿ
ಮಾತ್ರೆಯೊಳಗೆ ಕೂರಿಸಿದ್ದಾರೆ;
ಹತ್ತಕ್ಕೆ ಮುನ್ನೂರ ನಲವತ್ತು.
ಎದುರಿನ ಹೂವಾಡಗಿತ್ತಿಗೆ ಇದನ್ನು ಹೇಳಿದರೆ
ನಕ್ಕು ನಕ್ಕು ಮೊಳ ಅಳೆಯುವುದನ್ನೇ ಮರೆತಳು.

ನಿನ್ನೆ ಪಿಳ್ಳಕ್ಕ ಅಂಗೈ ಚಾಚಿದಳು.
"ಇದು ಹತ್ತು ತಾನೆ, ಅಣ್ಣ?"
ಎರಡು ರೂಪಾಯಿ.
"ಕನ್ನಡಕದ ಮೇಷ್ಟ್ರು ಹತ್ತು ಅಂತಲೇ ಕೊಟ್ಟರಲ್ಲ."
ನಾಣ್ಯವನ್ನು ಹೆಬ್ಬೆರಳಲ್ಲಿ ತಿಕ್ಕಿದಳು.
"ಪಾಪ, ಅವರಿಗೂ ಕಾಣಿಸಲ್ಲ.
ನಾಳೆ ಒಂದು ಕಟ್ಟು ಜಾಸ್ತಿ ಹಾಕಬೇಕು."

ಬಲಗಣ್ಣಲ್ಲಿ ಗಂಜಿಯಂಥ ಬಿಳುಪು.
ಪೊರೆ. ಸೊಪ್ಪಿಗೂ ಬಗ್ಗದು, ನನ್ನ ಮಾತ್ರೆಗೂ ಬಗ್ಗದು.
ಮಿಂಟೋ ಆಸ್ಪತ್ರೆಗೆ ಯಾವ ಬಸ್ಸು ಅಂತ
ಬಿಲ್ಲಿನ ಹಿಂದೆ ದಪ್ಪಕ್ಷರದಲ್ಲಿ ಬರೆದೆ,
ಆಮೇಲೆ ಹೊಳೆದು, ಬಾಯಲ್ಲೇ ಹೇಳಿದೆ.

"ಸೊಪ್ಪು ನೀನು ತಿಂತೀಯಾ?"
"ಮಿಕ್ಕಿದ ದಿನ."

ಬುಟ್ಟಿ ಅಷ್ಟರಲ್ಲಿ ಖಾಲಿ.
ನೀರು ಚಿಮುಕಿಸಿದ ಗೋಣಿಯ ಮೇಲೆ
ಒಂದೆರಡು ಎಲೆ, ಅಂಟಿಕೊಂಡು.